ಆ ಒಂದು ತಾಸು ಅವಳಿಗೆ ಬಿಡಿ

ಸಾಲೋಟಗಿಯ ಹಿರಿಯರೆ, ತಾಯಂದಿರೆ, ಗುರುಗಳೆ, ಪಂಚಾಯಿತಿ ಸದಸ್ಯರೆ,

ನಿಮ್ಮ ಮನೆಯಲ್ಲಿ ಹದಿಮೂರರಿಂದ ಹದಿನೆಂಟರೊಳಗಿನ ಮಗಳಿದ್ದರೆ ಒಂದು ಮಾತು ಕೇಳುತ್ತೇನೆ. ಸಂಜೆ ಐದರಿಂದ ಆರರವರೆಗೆ ಆಕೆ ಎಲ್ಲಿರುತ್ತಾಳೆ? ನಳದ ಮುಂದೆ ಕೊಡ ಹಿಡಿದು ನಿಂತಿರುತ್ತಾಳೆ. ಇಲ್ಲವೆ ಬಚ್ಚಲಲ್ಲಿ ಭಾಂಡೆ ತಿಕ್ಕುತ್ತಿರುತ್ತಾಳೆ. ಅವ್ವ ಹೊಲದಿಂದ ಬರುವುದರೊಳಗೆ ಕಸ ಹೊಡೆದು, ಹಿಟ್ಟು ನಾದಿ, ಒಲೆ ಹಚ್ಚಿರಬೇಕು. ನಡುವೆ ಸಣ್ಣ ತಮ್ಮನನ್ನೂ ಎತ್ತಿಕೊಂಡಿರಬೇಕು. ಇನ್ನೂ ಒಂದು ಮಾತು. ಆಕೆ ಕೊನೆಯ ಸಲ ಓಡಿದ್ದನ್ನು ನೀವು ನೋಡಿದ್ದು ಯಾವಾಗ? ಬಸ್ಸು ತಪ್ಪೀತೆಂದು ಓಡಿದ್ದಲ್ಲ, ಮಳೆ ಬಂತೆಂದು ಅಂಗಳದ ಕಾಳು ಬಾಚಲು ಓಡಿದ್ದಲ್ಲ. ಯಾವ ಕೆಲಸವೂ ಇಲ್ಲದೆ, ಗೆಳತಿಯ ಬೆನ್ನು ಹತ್ತಿ, ನಗುತ್ತ ಓಡಿದ್ದು.

ನೆನಪಿಗೆ ಬರದಿದ್ದರೆ ಈ ಕರೆ ನಿಮಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವ ಊರಲ್ಲಿ ನಿಂತು ಕೇಳಿದರೂ ಬಹಳಷ್ಟು ಮನೆಗಳು ಇದಕ್ಕೆ ಉತ್ತರ ಹುಡುಕಬೇಕಾಗುತ್ತದೆ. ಹತ್ತು ವರ್ಷದ ಹುಡುಗಿಯರು ನಮ್ಮ ಓಣಿಗಳಲ್ಲಿ ಕುಂಟಾಟ ಆಡುತ್ತಾರೆ, ಲಗೋರಿಯ ಚೆಂಡಿಗೆ ಬೆನ್ನು ಕೊಡುತ್ತಾರೆ. ಹದಿನಾಲ್ಕಾಗುವ ಹೊತ್ತಿಗೆ ಅದೇ ಹುಡುಗಿಯರು ಬಯಲಿನಿಂದ ಮಾಯವಾಗಿರುತ್ತಾರೆ. ಯಾರೂ ಡಂಗುರ ಸಾರಿ ಅವರನ್ನು ಹೊರಗೆ ಹಾಕಿಲ್ಲ. ನಾವೆಲ್ಲ ಸೇರಿ ಒಂದೊಂದೇ ಮಾತಿನಿಂದ ಹಾಕಿದ್ದೇವೆ.

ಲೋಕದ ಲೆಕ್ಕ ಏನು ಹೇಳುತ್ತದೆ ನೋಡಿ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಸಂಶೋಧಕರು 146 ದೇಶಗಳ ಮಾಹಿತಿ ಕೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹನ್ನೊಂದರಿಂದ ಹದಿನೇಳು ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ಚಟುವಟಿಕೆಯೂ ಇರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಭಾರತದ ಸ್ಥಿತಿ ಇದಕ್ಕಿಂತ ತುಸು ವಾಸಿ ಎಂದು ಕಂಡುಬಂತು. ಹುಡುಗಿಯರ ವಿಷಯದಲ್ಲಂತೂ ಬಾಂಗ್ಲಾದೇಶ ಮತ್ತು ಭಾರತ ಇಡೀ ಜಗತ್ತಿನಲ್ಲೇ ಮುಂದಿದ್ದವು.

ಹಿಗ್ಗುವ ಮೊದಲು ಕಾರಣ ಕೇಳಿ. ನಮ್ಮ ಹುಡುಗರ ಲೆಕ್ಕ ವಾಸಿ ಇರುವುದಕ್ಕೆ ಕ್ರಿಕೆಟ್ಟಿನ ಹುಚ್ಚು ಕಾರಣವಿರಬಹುದು ಎಂದರು ಆ ಸಂಶೋಧಕರು. ಹುಡುಗಿಯರ ಲೆಕ್ಕ ವಾಸಿ ಇರುವುದಕ್ಕೆ ಅವರು ಊಹಿಸಿದ ಕಾರಣ ಮನೆಗೆಲಸ. ಮಗ ಬ್ಯಾಟು ಬೀಸಿದ್ದೂ ಮಗಳು ಕಸಬರಿಗೆ ಬೀಸಿದ್ದೂ ಒಂದೇ ಖಾತೆಗೆ ಜಮೆಯಾಗಿವೆ. ಬೆವರು ಇಬ್ಬರದೂ ಹರಿಯಿತು. ಆದರೆ ಒಬ್ಬನಿಗೆ ಆಟ ಸಿಕ್ಕಿತು, ಒಬ್ಬಳಿಗೆ ದುಡಿತ. ನಮ್ಮ ಸೀಮೆಯ ಹೆಣ್ಣುಮಕ್ಕಳ ಕಥೆಯೆಲ್ಲ ಈ ಒಂದು ಲೆಕ್ಕದಲ್ಲಿದೆ.

"ನಮ್ಮ ಹುಡುಗ್ಯಾರು ಹೊಲದಾಗ ಕಳಿ ತಗೀತಾರ, ನೀರು ಹೊರತಾರ. ಪ್ಯಾಟಿ ಮಕ್ಕಳ ಹಂಗ ಅವರಿಗೆ ಮತ್ತ್ಯಾಕ ಬೇಕು ಆಟ?" ಇದು ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಆಕ್ಷೇಪ. ಅದಕ್ಕೇ ಉತ್ತರ ಕೊಡುವುದು ನನ್ನ ಧರ್ಮ. ತೊಗರಿ ಸಾಲಿನಲ್ಲಿ ಬಗ್ಗಿ ಕಳೆ ಕೀಳುವಾಗ ಸೊಂಟ ಯಾವಾಗ ನೆಟ್ಟಗಾಗಬೇಕೆಂದು ತೀರ್ಮಾನಿಸುವವಳು ಆಕೆಯಲ್ಲ. ಲಿಂಬಿಕಾಯಿ ಆರಿಸಿ ಚೀಲ ತುಂಬುವಾಗ ಸಾಕು ಅನ್ನುವ ಹಕ್ಕು ಆಕೆಗಿಲ್ಲ. ನಮ್ಮ ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಊರೆಲ್ಲ ಹಿಗ್ಗಿತು. ಆ ಲಿಂಬೆ ಆಯ್ದ ಎಳೆಯ ಕೈಗಳ ಲೆಕ್ಕ ಯಾರೂ ಕೇಳಲಿಲ್ಲ. ದುಡಿತದಲ್ಲಿ ಅದೇ ಸ್ನಾಯು ಅದೇ ರೀತಿ ದಣಿಯುತ್ತದೆ. ಆಟದಲ್ಲಿ ಮೈ ಹಾರುತ್ತದೆ, ತಿರುಗುತ್ತದೆ, ಬಿದ್ದು ಏಳುತ್ತದೆ, ಸಾಕೆನಿಸಿದಾಗ ಕೂಡುತ್ತದೆ. ತನಗೆ ಬೇಕೆಂದು ಬಿಡುವಿನಲ್ಲಿ ಮಾಡಿದ ಚಟುವಟಿಕೆ ಮನಸ್ಸಿಗೆ ಕೊಡುವ ಗೆಲುವು ಮನೆಗೆಲಸದಿಂದ ಬರುವುದಿಲ್ಲ ಎಂದು ಅಧ್ಯಯನಗಳೂ ಹೇಳುತ್ತವೆ. ಅದನ್ನು ತಿಳಿಯಲು ಅಧ್ಯಯನವೇ ಬೇಕೆಂದಿಲ್ಲ. ಭಾಂಡೆ ತಿಕ್ಕಿ ಎದ್ದ ಮಗಳ ಮುಖವನ್ನೂ ಖೋಖೋ ಆಡಿ ಬಂದ ಮಗಳ ಮುಖವನ್ನೂ ಒಮ್ಮೆ ನೋಡಿದರೆ ಸಾಕು.

ಮೈಯ ಲೆಕ್ಕವೂ ಇದೆ. ಮನುಷ್ಯನ ಎಲುಬು ತನ್ನ ಬಹುಪಾಲು ಗಟ್ಟಿತನವನ್ನು ಕೂಡಿಸಿಕೊಳ್ಳುವುದು ಈ ಹರೆಯದಲ್ಲೇ. ಜಿಗಿದಾಗ, ಓಡಿದಾಗ ಬೀಳುವ ಭಾರವೇ ಎಲುಬಿಗೆ ಬಲ ಕೊಡುತ್ತದೆ. ಈಗ ಕೂಡಿಸದೆ ಬಿಟ್ಟದ್ದನ್ನು ಐವತ್ತರಲ್ಲಿ ಮೊಣಕಾಲು ಹಿಡಿದು ಕೂತಾಗ ಯಾವ ಗುಳಿಗೆಯೂ ತಂದುಕೊಡದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ ಹೇಳಿತು. ಅದೀಗ ಪೇಟೆಯ ಶ್ರೀಮಂತರ ರೋಗವಾಗಿ ಉಳಿದಿಲ್ಲ, ನಮ್ಮ ಹಳ್ಳಿಯ ಕಟ್ಟೆಗಳಲ್ಲೂ ಗುಳಿಗೆಯ ಮಾತೇ. ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹುಡುಗಿ ಹತ್ತು ಹೆಜ್ಜೆ ಓಡಿ ಏದುಸಿರು ಬಿಟ್ಟರೆ "ಈಕಿ ಮೈಗಳ್ಳಿ" ಅನ್ನುತ್ತೇವೆ. ಮೊದಲು ಆಕೆಯ ತಾಟು ನೋಡಿ. ಹೊಟ್ಟೆ ತುಂಬಾ ಉಂಡವಳೇ ಆಡಬಲ್ಲಳು.

ಹಾಗಾದರೆ ಆಕೆಯನ್ನು ಬಯಲಿನಿಂದ ಹೊರಗೆ ಹಾಕಿದ್ದು ಏನೇನು?

ಮೊದಲನೆಯದು, ಆಕೆ ದೊಡ್ಡಾಕಿ ಆದ ದಿನ. ಉಡಿ ತುಂಬಿ, ಆರತಿ ಎತ್ತಿ, ಹಾಡು ಹೇಳಿ ಸಂಭ್ರಮಿಸಿದ ಅದೇ ಮನೆ ಮರುವಾರವೇ ಬಾಗಿಲಲ್ಲಿ ಗೆರೆ ಎಳೆಯುತ್ತದೆ. "ಇನ್ನ ಮ್ಯಾಲ ಜಿಗಿದಾಡಬ್ಯಾಡವಾ, ಮಂದಿ ಏನಂದಾರು?" ಈ ಮಂದಿ ಯಾರು? ನಾನು, ನೀವು, ಎದುರು ಮನೆಯ ಅತ್ತಿ, ಅಗಸಿ ಕಟ್ಟೆಯ ಕಾಕಾ. ಹುಡುಗಿ ಬಯಲಲ್ಲಿ ಕುಣಿದರೆ ಬೀಗರ ಕಿವಿಗೆ ಬೀಳುತ್ತದೆಂಬ ಅಂಜಿಕೆ, ಆ ಅಂಜಿಕೆಯ ಹಿಂದೆಯೇ ಬೇಗ ಒಂದು ವರ ನೋಡಿ ಮುಗಿಸುವ ಆತುರ. ಕಾನೂನು ಹದಿನೆಂಟು ಅಂದರೂ ನಮ್ಮ ಸೀಮೆಯಲ್ಲಿ ಎಷ್ಟು ಮದುವೆಗಳು ಅದಕ್ಕಿಂತ ಮೊದಲೇ ಕದ್ದುಮುಚ್ಚಿ ಆಗುತ್ತವೆ ಎಂಬುದು ಹಂದರ ಹಾಕಿದವರಿಗೆಲ್ಲ ಗೊತ್ತು. ಆಟ ನಿಲ್ಲಿಸುವುದು ಆ ದಾರಿಯ ಮೊದಲ ಹೆಜ್ಜೆ. ಇನ್ನು ತಿಂಗಳ ಆ ದಿನಗಳಲ್ಲಿ ಶಾಲೆಯಲ್ಲಿ ನೀರಿರುವ, ಬಾಗಿಲು ಭದ್ರವಿರುವ ಶೌಚಾಲಯ ಇರದಿದ್ದರೆ ಅಂಗಳಕ್ಕಿಳಿಯುವ ಧೈರ್ಯ ಆಕೆಗೆ ಎಲ್ಲಿಂದ ಬರಬೇಕು?

ಎರಡನೆಯದು ಶಾಲೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇರುತ್ತದೆ, ಆದರೆ ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಅದು ಗಣಿತಕ್ಕೆ ಹೋಗುತ್ತದೆ. ಪಿ.ಟಿ. ಮಾಸ್ತರರಿಲ್ಲದ ಶಾಲೆಗಳಲ್ಲಿ ಆ ಪಿರಿಯಡ್ ಇದ್ದೂ ಇಲ್ಲ. ಇರುವಲ್ಲಿಯೂ ವಲಯ ಮಟ್ಟದ ಕ್ರೀಡಾಕೂಟ ಬಂತೆಂದರೆ ಚುರುಕಾದ ಹತ್ತು ಹನ್ನೆರಡು ಹುಡುಗಿಯರನ್ನು ಆರಿಸಿ ತಂಡ ಕಟ್ಟುತ್ತಾರೆ. ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ತಾನು ಆಟಕ್ಕೆ ಲಾಯಕ್ಕಿಲ್ಲ ಎಂದು ಒಮ್ಮೆ ತಿಳಿದ ಮಗು ಮುಂದೆ ಎಂದೂ ಬಯಲಿಗೆ ಬರುವುದಿಲ್ಲ. ಗೆಲ್ಲುವವರಿಗಷ್ಟೇ ಆಟ ಎಂಬ ಪಾಠವನ್ನು ನಮ್ಮ ಶಾಲೆಗಳು ಅರಿಯದೆಯೇ ಕಲಿಸುತ್ತಿವೆ.

ಹಾಗೆಂದು ಗೆದ್ದವರು ನಮ್ಮಲ್ಲಿ ಇಲ್ಲವೆ? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್‌ಗಳನ್ನು ಬರೀ 15 ರನ್ನಿಗೆ ಕಿತ್ತು ಭಾರತವನ್ನು ವಿಶ್ವಕಪ್ಪಿನ ಸೆಮಿಫೈನಲ್ಲಿಗೆ ಒಯ್ದರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ಕೊಟ್ಟ ನೆಲ. ಅವರಲ್ಲಿ ಹಳ್ಳಿಯ ಹೆಣ್ಣುಮಕ್ಕಳೂ ಇದ್ದಾರೆ. ಅವರ ಫೋಟೋ ಹಾಕಿ ನಾವು ಬ್ಯಾನರ್ ಕಟ್ಟುತ್ತೇವೆ. ಆದರೆ ನಾನು ನಿಮ್ಮಲ್ಲಿ ಪದಕ ಕೇಳುತ್ತಿಲ್ಲ. ಎಂದೂ ಗೆಲ್ಲದ, ಚೆಂಡು ಹಿಡಿಯಲು ಬಾರದ, ಓಡಿದರೆ ಕಡೆಗೆ ಬರುವ ಸಾಮಾನ್ಯ ಹುಡುಗಿಗೂ ಆಡುವ ಹಕ್ಕು ಕೇಳುತ್ತಿದ್ದೇನೆ.

ಮೂರನೆಯದು, ನಿಂತುಹೋದ ಸೈಕಲ್. 2006-07ರಲ್ಲಿ ಸರಕಾರ ಎಂಟನೆಯ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಾದಿಗಳ ಬಣ್ಣವೇ ಬದಲಾಗಿತ್ತು. ಯಾರೂ ಸೈಕಲ್ ಹತ್ತದ ಮನೆಯ ಹುಡುಗಿ ಮೊಣಕಾಲು ತರಚಿಕೊಂಡು ಕಲಿತಳು, ಗಾಳಿಗೆ ಎದುರಾಗಿ ಪೆಡಲು ತುಳಿದಳು. ಶಾಲೆಗೆ ಹೋಗುವ ನೆಪದಲ್ಲಿ ಆಕೆಗೆ ಸಿಕ್ಕ ಸ್ವಾತಂತ್ರ್ಯ ಅದು. ಕೊರೊನಾ ಕಾಲಕ್ಕೆ ಆ ಯೋಜನೆ ನಿಂತಿತು, ವರ್ಷಗಳಾದರೂ ಮತ್ತೆ ಎದ್ದು ನಿಲ್ಲಲಿಲ್ಲ. ಸೈಕಲ್ ಸವಾರರ ನಾಡಿನಲ್ಲಿ ಈ ಬಗ್ಗೆ ಒಂದು ಮೆರವಣಿಗೆಯೂ ಹೊರಡಲಿಲ್ಲವಲ್ಲ, ಅದು ನನ್ನನ್ನು ಚುಚ್ಚುತ್ತದೆ.

ಅದೇ ಕೊರೊನಾ ಕೈಗೆ ಮೊಬೈಲು ಕೊಟ್ಟು ಹೋಯಿತು. ಇದು ಹುಡುಗರಿಗೂ ಅಷ್ಟೇ ಸಲ್ಲುವ ಮಾತು. ಕುಸ್ತಿಯ ಗರಡಿಮನೆಗಳಿದ್ದ, ಜಾತ್ರೆಯಲ್ಲಿ ಕಲ್ಲುಗುಂಡು ಎತ್ತಿ ಭೇಷ್ ಅನ್ನಿಸಿಕೊಂಡಿದ್ದ ಊರುಗಳ ಪೋರರು ಈಗ ಕಟ್ಟೆಯ ಮೇಲೆ ಸಾಲಾಗಿ ಕೂತು ತಲೆ ತಗ್ಗಿಸಿ ಬೆರಳಾಡಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ಆಡಲು ಹೋದರೆ "ಉಡಾಳ ಆದ" ಅಂದವರು ನಾವು. ಊರ ಬಯಲು ಪ್ಲಾಟಾಗಿ, ತಿಪ್ಪೆಯಾಗಿ, ಕಣವಾಗಿ, ಟ್ರ್ಯಾಕ್ಟರ್ ನಿಲ್ಲಿಸುವ ಜಾಗವಾಗಿ ಹೋದಾಗ ಸುಮ್ಮನಿದ್ದವರೂ ನಾವೇ. ಮೊಬೈಲಿನೊಳಗಾದರೂ ಬಯಲು ಖಾಲಿ ಇದೆಯಲ್ಲ ಎಂದು ಅವರು ಅಲ್ಲಿಗೆ ಹೋದರು.

ಇನ್ನು ಗುಳೆ ಹೋಗುವ ಮನೆಗಳ ಮಕ್ಕಳು. ಗೋವಾ, ಮುಂಬಯಿ, ಪುಣೆಯ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ತಂದೆತಾಯಿ ಹೊರಟರೆ, ಜೊತೆಗೆ ಹೋದ ಮಗು ಶೆಡ್ಡಿನಲ್ಲಿ ಸಣ್ಣವರನ್ನು ಕಾಯುತ್ತದೆ. ಊರಲ್ಲುಳಿದ ಮಗು ಮುದಿಯಜ್ಜಿಯನ್ನೂ ಎಮ್ಮೆಯನ್ನೂ ನೋಡಿಕೊಳ್ಳುತ್ತದೆ. ಆ ಮಗುವಿಗೆ ಬಿಡುವು ಎನ್ನುವುದೇ ಇಲ್ಲ, ಬಿಡುವಿನ ಆಟದ ಮಾತು ಎಲ್ಲಿಂದ? ಮತ್ತೊಂದನ್ನು ಎದೆ ಗಟ್ಟಿ ಮಾಡಿ ಕೇಳಿಕೊಳ್ಳೋಣ. ಇರುವ ಬಯಲಿಗೆ ಕೇರಿಯ ಮಕ್ಕಳು ಅಂಜದೆ ಬರುತ್ತಾರೆಯೆ? ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಹಿಡಿಯುತ್ತಾರೆಯೆ? ಬಸವಣ್ಣ ಹುಟ್ಟಿದ ಸೀಮೆಯವರೆಂದು ಎದೆ ತಟ್ಟಿಕೊಳ್ಳುವ ನಾವು ಕಬಡ್ಡಿಯ ಗೆರೆಯ ಮೇಲೆ ಆ ಮಾತಿಗೆ ಉತ್ತರ ಕೊಡಬೇಕು. ಎದುರಾಳಿಯ ಕಾಲು ಹಿಡಿಯದೆ ಕಬಡ್ಡಿ ಆಡಲಾಗದು. ಜಾತಿ ಮೀರಲು ಇದಕ್ಕಿಂತ ಸುಲಭದ ಪಾಠಶಾಲೆ ಇನ್ನೆಲ್ಲಿ ಸಿಕ್ಕೀತು?

ವರ್ಷದಲ್ಲಿ ಒಂದು ಹಬ್ಬದಲ್ಲಿ ಮಾತ್ರ ನಾವು ಎಲ್ಲ ಕಟ್ಟು ಸಡಿಲಿಸುತ್ತೇವೆ. ನಾಗರಪಂಚಮಿ ಬಂತೆಂದರೆ ಬೇವಿನ ಮರಕ್ಕೆ ಹಗ್ಗ ಬೀಳುತ್ತದೆ. ಗಂಡನ ಮನೆಯಿಂದ ಬಂದ ಮಗಳು, ಎರಡು ಮಕ್ಕಳ ತಾಯಿ, ಅಜ್ಜಿ, ಹರೆಯದ ಹುಡುಗಿ ಎಲ್ಲರೂ ಜೋಕಾಲಿ ಹತ್ತಿ ಕಾಲು ಚಾಚಿ ಜೀಕುತ್ತಾರೆ, ಕೂಗುತ್ತಾರೆ, ನಗುತ್ತಾರೆ. ಅಂದು ಮಂದಿ ಏನಂದಾರೆಂಬ ಮಾತಿಲ್ಲ. ಮನೆತನದ ಮರ್ಯಾದೆ ಅಂದು ಹೋಗುವುದಿಲ್ಲ. ಹೆಣ್ಣಿನ ಮೈಗೆ ಆಟ ಬೇಕು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಹಬ್ಬ ಮಾಡಿ ಕೊಟ್ಟರು. ಪಂಚಮಿಗೆ ಸರಿಯಾದದ್ದು ದಸರೆಗೆ ಯಾಕೆ ತಪ್ಪಾಗುತ್ತದೆ? ಸೋಮವಾರದ ಸಂಜೆ ಯಾಕೆ ತಪ್ಪಾಗುತ್ತದೆ?

ಜಾಗ ಎಲ್ಲಿದೆ, ರೊಕ್ಕ ಎಲ್ಲಿದೆ ಎಂದು ಕೇಳುವವರು ಈ ಊರಿನ ಶಾಸನದ ಕಲ್ಲನ್ನೇ ಓದಲಿ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳು. ಅವರ ಪೋಷಣೆಗೆ 500 ನಿವರ್ತನ (ಅಂದಿನ ನೆಲದಳತೆ) ಭೂಮಿ, ಗುರುವಿಗೆ 50 ನಿವರ್ತನ, ದೀಪದ ಎಣ್ಣೆಗೆಂದೇ 12 ನಿವರ್ತನ. ಊರವರ ಮನೆಯಲ್ಲಿ ಮದುವೆಯಾದರೆ, ಮುಂಜಿಯಾದರೆ ಆ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಬೇಕೆಂದೂ ಶಾಸನ ಹೇಳುತ್ತದೆ. ವೈದಿಕ ವಿದ್ಯೆಯ ಆ ಶಾಲೆ ಎಲ್ಲರ ಮಕ್ಕಳದ್ದೂ ಆಗಿರಲಿಲ್ಲ, ಅದನ್ನು ಮರೆಯಬೇಕಿಲ್ಲ. ಆದರೆ ಪರ ಊರಿನ ಮಕ್ಕಳು ಕತ್ತಲಲ್ಲಿ ಓದಬಾರದೆಂದು ದೀಪಕ್ಕೂ ಹೊಲ ಬಿಟ್ಟ ಊರು ಇದು. ಸಾವಿರ ವರ್ಷದ ಮೇಲೆ ಅದೇ ಊರು ತನ್ನ ಸ್ವಂತ ಹೆಣ್ಣುಮಕ್ಕಳಿಗೆ ಒಂದು ಎಕರೆ ಬಯಲು, ಎರಡು ಬೀದಿದೀಪ ಕೊಡಲಾರದೆ?

ಇದು ಭಿಕ್ಷೆಯೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು ಇರಬೇಕೆಂದು ಹೇಳಿದೆ. ಹರಿಯಾಣದ ಹಳ್ಳಿಯೊಂದರ ಶಾಲೆಯ ಮೈದಾನ ಒತ್ತುವರಿಯಾದ ಪ್ರಕರಣದಲ್ಲಿ ಮೈದಾನವಿಲ್ಲದ ಶಾಲೆ ಇರಲಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿರಾಮ, ಬಿಡುವು, ಆಟ ಪ್ರತಿ ಮಗುವಿನ ಹಕ್ಕು ಎನ್ನುತ್ತದೆ. ನಮ್ಮದೇ ವಿಜಯಪುರದ ಸೈನಿಕ ಶಾಲೆಯಲ್ಲಿ 1963ರಿಂದಲೂ ಆಟ ದಿನಚರಿಯ ಭಾಗ. ಅಲ್ಲಿ ಅದನ್ನು ಯಾರೂ ಉಡಾಳತನ ಅನ್ನುವುದಿಲ್ಲ, ಶಿಸ್ತು ಅನ್ನುತ್ತಾರೆ. ಸಾಲೋಟಗಿಯ ಕೂಲಿಯವಳ ಮಗಳಿಗೆ ಮಾತ್ರ ಅದು ಉಡಾಳತನ ಹೇಗಾಯಿತು?

ಆದ್ದರಿಂದ ನನ್ನ ಬೇಡಿಕೆಗಳು ಇವು.

ಮನೆಯವರೆ, ದಿನಕ್ಕೆ ಒಂದು ತಾಸು ಮಗಳಿಗೆ ಬಿಡಿ. ಆ ತಾಸಿನ ಕೆಲಸ ಅವ್ವನ ತಲೆಗೆ ಬೀಳಬಾರದು, ಮಗನ ಕೈಗೆ ಬರಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದಳು, ಗಂಡು 97. ನಡುವಿನ ಅಂತರ 202 ನಿಮಿಷ. ಅದರಲ್ಲಿ ನಾನು ಕೇಳುತ್ತಿರುವುದು 60 ಮಾತ್ರ. ಮಗ ಒಂದು ಕೊಡ ನೀರು ತಂದರೆ, ನಾಲ್ಕು ತಾಟು ತೊಳೆದರೆ ಅವನ ಮೀಸೆ ಉದುರುವುದಿಲ್ಲ.

ಗುರುಗಳೆ, ಆಟದ ಪಿರಿಯಡ್ ಗಣಿತಕ್ಕೆ ಕೊಡಬೇಡಿ. ತಂಡಕ್ಕೆ ಆರಿಸುವ ಮೊದಲು ಎಲ್ಲರನ್ನೂ ಆಡಿಸಿ. ವಾರಕ್ಕೊಂದು ದಿನವಾದರೂ ಸೋಲು ಗೆಲುವಿನ ಲೆಕ್ಕವಿಲ್ಲದ ಆಟ ಇರಲಿ. ಚೂಡಿದಾರದಲ್ಲೇ ಆಡಲಿ, ಪ್ಯಾಂಟಿನಲ್ಲೇ ಆಡಲಿ, ಹುಡುಗಿ ಏನು ತೊಟ್ಟಿದ್ದಾಳೆಂಬ ಚರ್ಚೆಗೆ ಶಾಲೆಯಲ್ಲಿ ಜಾಗ ಕೊಡಬೇಡಿ. ನಮ್ಮ ಬಿಸಿಲು ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ನಡುಹಗಲು ಬಿಟ್ಟು ಮುಂಜಾನೆ, ಸಂಜೆಗೆ ಆಟ ಹೊಂದಿಸಿ, ಕುಡಿಯಲು ನೀರಿಡಿ.

ಹುಡುಗರೆ, ಬಯಲು ನಿಮ್ಮಪ್ಪನ ಆಸ್ತಿಯಲ್ಲ. ದಿನವೂ ಒಂದು ಹೊತ್ತು ಅದನ್ನು ಅಕ್ಕ ತಂಗಿಯರಿಗೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಅವರು ಆಡುವಾಗ ಕಟ್ಟೆಯಿಂದ ಸಿಳ್ಳೆ ಹೊಡೆಯುವವನ, ವಿಡಿಯೊ ಮಾಡುವವನ ಕೈ ಹಿಡಿಯುವ ಹೊಣೆ ನಿಮ್ಮದು. ಅಷ್ಟನ್ನು ಮಾಡಿದರೆ ಊರಿನ ಅರ್ಧ ಅಂಜಿಕೆ ತಾನೇ ಹೋಗುತ್ತದೆ.

ಹುಡುಗಿಯರೆ, ನಿಮಗೂ ಒಂದು ಮಾತು. ಒಬ್ಬಳೇ ಹೊರಟರೆ ಕೇಳುವವರು ಹತ್ತು ಮಂದಿ. ಎಂಟು ಮಂದಿ ಕೂಡಿ ಹೊರಟರೆ ಕೇಳುವವರ ದನಿ ಇಳಿಯುತ್ತದೆ. ಓಣಿಗೊಂದು ಗುಂಪು ಕಟ್ಟಿಕೊಳ್ಳಿ, ಬರಲಾರೆ ಎಂದವಳ ಮನೆಗೆ ಹೋಗಿ ಆಕೆಯ ಕೆಲಸಕ್ಕೆ ಕೈ ಹಚ್ಚಿ ಕರೆದುಕೊಂಡು ಬನ್ನಿ.

ಪಂಚಾಯಿತಿಯವರೆ, ಊರಿನ ಸಾರ್ವಜನಿಕ ಜಾಗ ಎಷ್ಟಿದೆ, ಒತ್ತುವರಿ ಎಷ್ಟಾಗಿದೆ ಎಂದು ಅಳೆಸಿ ಹಲಗೆಗೆ ಬರೆದು ಹಚ್ಚಿ. ಉದ್ಯೋಗ ಖಾತ್ರಿಯ ಹಣದಲ್ಲಿ ಶಾಲಾ ಮೈದಾನ ಮಾಡಿ ತೋರಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲೇ ಇವೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತೀರಿ. ಅಲ್ಲಿ ಹೂವು ಕೊಟ್ಟು, ಬಿಸ್ಕಿಟು ಹಂಚಿ, ಫೋಟೋ ತೆಗೆಸಿ ಕಳಿಸಬೇಡಿ. ಹೋದ ಸಭೆಯಲ್ಲಿ ಮಕ್ಕಳು ಕೇಳಿದ್ದೇನು, ಮಾಡಿದ್ದೇನು ಎಂದು ಮೊದಲು ಓದಿ ಹೇಳಿ.

ತಾಯಂದಿರೆ, ಕೊನೆಗೆ ನಿಮ್ಮಲ್ಲಿ. ನಿಮ್ಮ ಆಟವನ್ನು ಹದಿನಾಲ್ಕಕ್ಕೆ ಯಾರೋ ಕಸಿದರು. ನಿಮ್ಮನ್ನು ಆಗ ಯಾರೂ ಕೇಳಲಿಲ್ಲ. ನೀವು ಕೇಳಬಲ್ಲಿರಿ. ಮುಂದಿನ ಗ್ರಾಮಸಭೆಗೆ ಮಗಳನ್ನು ಕರೆದುಕೊಂಡು ಹೋಗಿ, ಆಕೆಯ ಪಕ್ಕದಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿ: ನಮ್ಮ ಹೆಣ್ಣುಮಕ್ಕಳು ಆಡುವ ಬಯಲು ಎಲ್ಲಿದೆ, ಯಾವ ತಾರೀಕಿನಿಂದ ಅದು ಅವರದು? "ನೋಡೋಣವಾ, ಕೂಡು" ಅನ್ನುತ್ತಾರೆ. ತಾರೀಕು ಬರೆಸಿಕೊಳ್ಳುವವರೆಗೆ ಕೂಡಬೇಡಿ.